ಬಳ್ಳಾರಿಯ ಧೂಳು ಮತ್ತು ಬೈಕಿನ ಸಣ್ಣ ಖರ್ಚುಗಳು

ಬಳ್ಳಾರಿಯಲ್ಲಿ ದಿನವೂ ಬೈಕ್ ಓಡಿಸುವವರು ಪೆಟ್ರೋಲಿನ ಜೊತೆಗೆ ಧೂಳಿಗೂ ಖರ್ಚು ಮಾಡಬೇಕಾಗುತ್ತದೆ. ಅದಿರಿನ ಲಾರಿಗಳು ಸಾಗುವ ಸಂಡೂರು ಕಡೆಯ ರಸ್ತೆಗಳಲ್ಲಿ ಓಡಾಡಿದರೆ, ಕೆಂಪು ಪುಡಿ ಚೈನಿನ ಎಣ್ಣೆಗೆ ಅಂಟಿಕೊಂಡು, ಅದರ ಕೊಂಡಿಗಳನ್ನೂ ಸ್ಪ್ರಾಕೆಟ್ಟಿನ (ಚೈನ್ ಸುತ್ತುವ ಹಲ್ಲುಗಾಲಿಯ) ಹಲ್ಲುಗಳನ್ನೂ ಅರದಂತೆ ಸವೆಸುತ್ತದೆ. ಆದ್ದರಿಂದ ನಾನು ತಪ್ಪದೆ ಕೊಳ್ಳುವುದು ಚೈನಿಗೆ ಹಚ್ಚುವ ಎಣ್ಣೆಯ, ಅಂದರೆ ಚೈನ್ ಲ್ಯೂಬಿನ ಡಬ್ಬಿಯನ್ನು. ಎಂಜಿನ್ ಆರಿಸಿ, ಹಳೆಯ ಜಿಡ್ಡನ್ನು ಬ್ರಷ್‌ನಿಂದ ತೆಗೆದು, ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಚೈನಿನ ಒಳಮೈಗೆ ಲ್ಯೂಬನ್ನು ಹಚ್ಚಬೇಕು. ಚಾಲನೆಯಲ್ಲಿರುವ ಚೈನಿಗೆ ಬಟ್ಟೆ ಹಿಡಿದರೆ ಬೆರಳು ಕಳೆದುಕೊಳ್ಳುವ ಅಪಾಯವಿದೆ. ಹೆಚ್ಚಾದ ಎಣ್ಣೆಯನ್ನು ಒರೆಸದಿದ್ದರೆ ಮತ್ತೆ ಧೂಳು ಹಿಡಿಯುತ್ತದೆ.

ಹೆಲ್ಮೆಟ್ಟಿನ ವಿಷಯದಲ್ಲಿ ಉಳಿತಾಯ ಮಾಡುವುದು ನನಗೆ ಒಪ್ಪಿಗೆಯಿಲ್ಲ. 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೊಳ್ಳುವ ಮುನ್ನ ಆ ಗುರುತನ್ನೂ ಪಟ್ಟಿಯ ಬಿಗಿತವನ್ನೂ ನೋಡಲೇಬೇಕು. ಬೇಸಿಗೆ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಒಳಗೊಂದು ತೆಳುವಾದ ಹತ್ತಿಯ ಟೋಪಿ ತೊಟ್ಟರೆ ಬೆವರು ಕಣ್ಣಿಗೆ ಇಳಿಯುವುದು ಕಡಿಮೆಯಾಗುತ್ತದೆ.

ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಮುಚ್ಚಳವಾದ ವೈಸರನ್ನು ಒಣಬಟ್ಟೆಯಿಂದ ಉಜ್ಜಬೇಡಿ. ಧೂಳಿನ ಕಣಗಳು ಅದರ ಮೇಲೆ ಸಣ್ಣ ಸಣ್ಣ ಗೀರು ಎಳೆಯುತ್ತವೆ. ರಾತ್ರಿ ಎದುರಿನ ಲಾರಿಯ ಬೆಳಕು ಆ ಗೀರುಗಳಲ್ಲಿ ಚೆದುರಿ ರಸ್ತೆಯೇ ಕಾಣದಂತಾಗುತ್ತದೆ. ಮೊದಲು ನೀರು ಸುರಿದು ಧೂಳನ್ನು ಇಳಿಸಿ, ಬಳಿಕ ಮೆತ್ತನೆಯ ಬಟ್ಟೆಯಿಂದ ಒರೆಸಿ. ಗೀರು ಹೆಚ್ಚಾಗಿದ್ದರೆ ವೈಸರನ್ನೇ ಬದಲಾಯಿಸಿ.