ಬೀಗ ಹಾಕುವ ಕುಣಿತ ಮತ್ತು ಆ ಏಳು ಮಂದಿ

ನಲವತ್ತು ದಾಟಿದ ಮೇಲೆ ಲಾಕಿಂಗ್ ಎಂಬ ಕುಣಿತವನ್ನು ಕಲಿಯಲು ಹೊರಟವನಿಗೆ ಮೊದಲ ದಿನವೇ ತನ್ನ ಕೈಗಳ ಮೊಂಡುತನದ ಪರಿಚಯವಾಗುತ್ತದೆ. ಮುಷ್ಟಿ ಬಿಗಿದು, ಮೊಣಕೈಗಳನ್ನು ಪಕ್ಕಕ್ಕೆ ತೆರೆದು, ಎರಡೂ ತೋಳುಗಳನ್ನು ಕಮಾನಿನಂತೆ ಮುಂದಕ್ಕೆ ಇಳಿಸಿ, ಮೊಣಕಾಲನ್ನು ತುಸು ಬಗ್ಗಿಸಿ, ಒಂದು ಬೀಟಿನಷ್ಟು ಹೊತ್ತು ಹಾಗೆಯೇ ನಿಲ್ಲಬೇಕು, ಹೇಳುವುದಕ್ಕೆ ಇಷ್ಟೇ. ಆದರೆ ರಭಸದಿಂದ ಇಳಿದ ಕೈ ನಿಲ್ಲೆಂದ ಕಡೆ ನಿಲ್ಲದೆ ಇನ್ನೊಂದು ಗೇಣು ತೂಗಾಡಿಯೇ ತೀರುತ್ತದೆ. ನನಗೆ ಕಲಿಸುವ ಹುಡುಗಿ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಮೂರನೆಯ ವಾರ ಆಕೆ ತಾಳ್ಮೆ ಕಳೆದುಕೊಳ್ಳದೆ, "ಸರ್, ನೀವು ಕೈಯನ್ನು ನಿಲ್ಲಿಸುತ್ತಿಲ್ಲ, ಅದಾಗಿ ಅದೇ ನಿಲ್ಲಲಿ ಎಂದು ಕಾಯುತ್ತಿದ್ದೀರಿ" ಎಂದಳು. ಅದೇ ಸಂಜೆ ಮನೆಗೆ ಹೋಗಿ ಈ ಕುಣಿತವನ್ನು ಹೆಸರಾಗಿಸಿದ ದಿ ಲಾಕರ್ಸ್ ತಂಡದ ಹಳೆಯ ದೃಶ್ಯಗಳನ್ನು ನೋಡಬೇಕೆಂದೂ ಅಪ್ಪಣೆ ಮಾಡಿದಳು. ನೋಡಿದೆ. ಕೈ ನಿಲ್ಲಿಸುವುದನ್ನು ಇನ್ನೂ ಪೂರ್ತಿ ಕಲಿತಿಲ್ಲ. ಆದರೆ ಆ ತಂಡದ ಜನ ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ.

ದಿ ಲಾಕರ್ಸ್ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ. ಮೂಲ ತಂಡದಲ್ಲಿ ಏಳು ಮಂದಿ: ಡಾನ್ ಕ್ಯಾಂಪ್‌ಬೆಲ್, ಟೋನಿ ಬೇಸಿಲ್, ಫ್ರೆಡ್ ಬೆರಿ, ಅಡಾಲ್ಫೋ ಕಿನ್ಯೋನೆಸ್, ಲಿಯೋ ವಿಲಿಯಮ್‌ಸನ್, ಬಿಲ್ ವಿಲಿಯಮ್ಸ್ ಮತ್ತು ಗ್ರೆಗ್ ಪೋಪ್. ಪಟ್ಟೆಪಟ್ಟೆಯ ಉದ್ದ ಕಾಲುಚೀಲ, ಮೊಣಕಾಲಿನ ಕೆಳಗೆ ಮುಗಿಯುವ ಪ್ಯಾಂಟು, ಹೆಗಲಿನ ಮೇಲಿಂದ ಹಾದು ಬರುವ ಸಸ್ಪೆಂಡರ್, ಅಗಲವಾದ ಟೋಪಿ, ಹೀಗೆ ಸಜ್ಜಾಗಿ ನಿಂತ ಇವರನ್ನು ಮೊದಲ ಬಾರಿ ಕಂಡವರಿಗೆ ಸರ್ಕಸ್ಸಿನ ವಿದೂಷಕರ ನೆನಪಾದರೆ ತಪ್ಪೇನಿಲ್ಲ. ನನಗೂ ಹಾಗೆಯೇ ಅನ್ನಿಸಿತ್ತು. ಸಂಗೀತ ಆರಂಭವಾಗಿ ಏಳೂ ಮೈಗಳು ಒಂದೇ ಕ್ಷಣದಲ್ಲಿ ಗಕ್ಕನೆ ನಿಂತಾಗ ಆ ಅನಿಸಿಕೆಯನ್ನು ಹಿಂತೆಗೆದುಕೊಂಡೆ.

ಇಂಥ ತಂಡಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ "ವಿಭಿನ್ನ ಹಿನ್ನೆಲೆಯ ಪ್ರತಿಭೆಗಳು" ಎಂಬ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಆ ಸಾಲಿನ ಬಗ್ಗೆ ನನಗೆ ತಕರಾರಿದೆ. ಹಿನ್ನೆಲೆ ಎಂದಾಗ ಬಣ್ಣ, ಊರು, ಕುಲದ ಪಟ್ಟಿಯನ್ನಷ್ಟೇ ಕೊಟ್ಟು ಸುಮ್ಮನಾದರೆ, ಆ ಹಿನ್ನೆಲೆ ಕುಣಿತದೊಳಗೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತಂಡಕ್ಕೆ ಬರುವ ಮುಂಚೆ ಯಾರ ಮೈ ಏನು ಮಾಡುತ್ತಿತ್ತು, ಯಾವುದಕ್ಕೆ ಒಗ್ಗಿತ್ತು, ಯಾವುದಕ್ಕೆ ಒಗ್ಗಿರಲಿಲ್ಲ ಎಂಬುದನ್ನು ನೋಡಬೇಕು. ಲಾಕರ್ಸ್ ವಿಷಯದಲ್ಲಿ ಇದು ಬರಿಗಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

ಡಾನ್ ಕ್ಯಾಂಪ್‌ಬೆಲ್ ಅವರಿಂದಲೇ ಆರಂಭಿಸಬೇಕು. 1951ರಲ್ಲಿ ಸೇಂಟ್ ಲೂಯಿಸಿನಲ್ಲಿ ಹುಟ್ಟಿ ಲಾಸ್ ಏಂಜಲೀಸಿನಲ್ಲಿ ಬೆಳೆದ ಇವರು, ನಗರದ ಟ್ರೇಡ್ ಟೆಕ್ನಿಕಲ್ ಕಾಲೇಜಿನಲ್ಲಿ ವಾಣಿಜ್ಯ ಚಿತ್ರಕಲೆಯನ್ನು ಓದುತ್ತಿದ್ದರು. ಸಂಕೋಚದ ಸ್ವಭಾವ, ಕುಣಿತ ಅವರಿಗೆ ಬರುತ್ತಿರಲಿಲ್ಲ. ಆ ಕಾಲದ ಜನಪ್ರಿಯ ಕುಣಿತಗಳಲ್ಲಿ ಒಂದಾದ ಫಂಕಿ ಚಿಕನ್ನಿನ ತೋಳಿನ ಚಲನೆ ಅವರಿಗೆ ಎಷ್ಟು ಮಾಡಿದರೂ ಒಲಿಯದೆ, ಕೈ ನಡುವೆಯೇ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ಗೆಳೆಯರು ನಕ್ಕರು. ನಕ್ಕವರ ಕಡೆಗೆ ಕ್ಯಾಂಪ್‌ಬೆಲ್ ಬೆರಳು ತೋರಿಸಿದರು. ಗೆಳೆಯರಿಗೆ ಅದೂ ಹಿಡಿಸಿತು, ಮತ್ತೊಮ್ಮೆ ಮಾಡು ಎಂದರು. ಹೀಗೆ ಸಿಕ್ಕಿಕೊಂಡ ಕೈ ಲಾಕ್ ಆಯಿತು. ಉತ್ತರವಾಗಿ ಚಾಚಿದ ಬೆರಳು ಪಾಯಿಂಟ್ ಆಯಿತು. ಇವತ್ತಿಗೂ ಲಾಕಿಂಗ್ ಕಲಿಸುವ ಯಾವುದೇ ತರಗತಿಯಲ್ಲಿ ಮೊದಲು ಹೇಳಿಕೊಡುವ ಚಲನೆಗಳಲ್ಲಿ ಈ ಎರಡು ಇದ್ದೇ ಇರುತ್ತವೆ. ಒಬ್ಬ ವಿದ್ಯಾರ್ಥಿಯ ಪೇಚಾಟವನ್ನು ಐವತ್ತು ವರ್ಷಗಳಿಂದ ಸಾವಿರಾರು ಜನ ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿದ್ದಾರೆ ಎಂದು ನೆನೆದಾಗಲೆಲ್ಲ, ಕನ್ನಡಿಯ ಮುಂದೆ ನಿಂತ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಚಿತ್ರಕಲೆಯ ಓದಿಗೂ ಈ ನೃತ್ಯಕ್ಕೂ ನಂಟಿದೆ ಎಂದು ನಾನು ನಂಬಿದ್ದೇನೆ; ಇದು ನನ್ನ ಊಹೆಯೇ ಹೊರತು ಅವರು ಹೇಳಿದ್ದಲ್ಲ. ಕ್ಯಾಂಪ್‌ಬೆಲ್ ನಿಂತ ಭಂಗಿಯನ್ನು ಯಾವ ಕ್ಷಣದಲ್ಲಿ ನಿಲ್ಲಿಸಿ ನೋಡಿದರೂ ಅದರ ಹೊರಗೆರೆಯನ್ನು ಒಂದೇ ಎಳೆತದಲ್ಲಿ ಪೆನ್ಸಿಲಿನಿಂದ ಬರೆಯಬಹುದು. ಪೋಸ್ಟರ್ ಬರೆಯುವವನ ಕಣ್ಣಿಗೆ ಬೇಕಾಗುವಂಥ ಅಚ್ಚುಕಟ್ಟು ಅದು: ದೂರದಿಂದ ನೋಡಿದರೂ ಏನೆಂದು ಗೊತ್ತಾಗಬೇಕು.

ಕನ್ನಡದಲ್ಲಿ ಬೀಗ ಎಂದರೆ ಲಾಕ್. ಅದೇ ಸದ್ದಿನ ಬೀಗುವುದು ಎಂದರೆ ಹೆಮ್ಮೆಯಿಂದ ಉಬ್ಬುವುದು. ಈ ಎರಡೂ ಅರ್ಥಗಳು ಒಂದೇ ಮೈಯಲ್ಲಿ ಕಾಣಬೇಕೆಂದರೆ ಲಾಕಿಂಗ್ ನೋಡಬೇಕು. ಸಂಬಂಧವೇ ಇಲ್ಲದವರು ಬೀಗರಾಗುವುದೂ ಇದೆ. ಆ ಮೂರನೆಯ ಅರ್ಥಕ್ಕೆ ಟೋನಿ ಬೇಸಿಲ್ ಅವರನ್ನೇ ಕರೆಯಬೇಕು.

ಬೇಸಿಲ್ ಹುಟ್ಟಿದ್ದು 1943ರಲ್ಲಿ, ಫಿಲಡೆಲ್ಫಿಯಾದಲ್ಲಿ. ತಂದೆ ವಾದ್ಯವೃಂದದ ನಿರ್ದೇಶಕರು, ತಾಯಿ ವಾಡ್‌ವಿಲ್ ಎಂಬ ಹಾಡು, ಕುಣಿತ, ಹಾಸ್ಯಗಳ ರಂಗದ ಕಲಾವಿದೆ. ಮಗಳು ಬೆಳೆದದ್ದು ಲಾಸ್ ವೇಗಸ್ಸಿನಲ್ಲಿ. ಬ್ಯಾಲೆ ಕಲಿತು, ಶಾಲೆಯಲ್ಲಿ ಚಿಯರ್‌ಲೀಡರ್ ಆಗಿ, ಅರವತ್ತರ ದಶಕದಲ್ಲಿ ಟೆಲಿವಿಷನ್ನಿಗೆ ನೃತ್ಯ ಸಂಯೋಜಿಸುತ್ತಿದ್ದ ಈ ಬಿಳಿಯ ಹೆಂಗಸು, 1969ರ ಈಸಿ ರೈಡರ್ ಚಿತ್ರದಲ್ಲಿ ನಟಿಸಿಯೂ ಆಗಿತ್ತು. ಕ್ಯಾಂಪ್‌ಬೆಲ್ ಅವರಿಗಿಂತ ಎಂಟು ವರ್ಷ ದೊಡ್ಡವರು. ಕ್ಲಬ್ಬಿನಲ್ಲಿ ಕ್ಯಾಂಪ್‌ಬೆಲ್ ಕುಣಿಯುವುದನ್ನು ಕಂಡು, ತಾವು ಕಲಿತದ್ದನ್ನು ಅವರಿಗೆ ಕಲಿಸಲು ಹೋಗದೆ, ಅವರಿಂದ ಲಾಕಿಂಗ್ ಕಲಿತರು. ತಂಡ ಕಟ್ಟುವುದರಲ್ಲಿ ಇಬ್ಬರೂ ಜೊತೆಯಾದರು.

ಅದು ಯಾವ ನಗರ, ಯಾವ ಕಾಲ ಎಂಬುದನ್ನು ಮರೆಯಬಾರದು. 1965ರ ಆಗಸ್ಟಿನಲ್ಲಿ ಅದೇ ಲಾಸ್ ಏಂಜಲೀಸಿನಲ್ಲಿ ಕರಿಯರು ಹೆಚ್ಚಾಗಿದ್ದ ವಾಟ್ಸ್ ಪ್ರದೇಶ ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿದು 34 ಜನ ಸತ್ತಿದ್ದರು. ಅಲ್ಲಿಂದ ಹತ್ತು ವರ್ಷವೂ ಕಳೆಯುವ ಮೊದಲೇ ಕರಿಯ ಯುವಕರ ಸಾಲಿನಲ್ಲಿ ಒಬ್ಬ ಬಿಳಿಯ ಹೆಂಗಸು, ಅದೇ ಪಟ್ಟೆಯ ಕಾಲುಚೀಲ ತೊಟ್ಟು, ಅವರದೇ ಸ್ಟೆಪ್ಪನ್ನು ಅವರಷ್ಟೇ ಬಿಗಿಯಾಗಿ ಹಾಕುತ್ತ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡರು. ಅಲಂಕಾರಕ್ಕೆ ನಿಲ್ಲಿಸಿದ ನಾಯಕಿಯಂತೆ ಅವರು ಎಲ್ಲಿಯೂ ಕಾಣುವುದಿಲ್ಲ. ರಂಗದ ಲೆಕ್ಕಾಚಾರ ಅವರಿಂದ ಬಂದಿರಬೇಕು ಎಂಬುದು ನೋಡುವವರಿಗೆ ತಿಳಿಯುತ್ತದೆ: ಯಾರು ಯಾವಾಗ ಮುಂದೆ ಬರಬೇಕು, ಒಬ್ಬರ ಆಟ ನಡೆಯುವಾಗ ಉಳಿದವರು ಏನು ಮಾಡುತ್ತಿರಬೇಕು, ಎಲ್ಲರೂ ಯಾವಾಗ ಒಂದು ಸಾಲಿಗೆ ಮರಳಬೇಕು. ಕ್ಲಬ್ಬಿನ ವೃತ್ತದಲ್ಲಿ ಸುತ್ತಲೂ ನೋಡುಗರಿರುತ್ತಾರೆ, ವೇದಿಕೆಯಲ್ಲಿ ಒಂದೇ ಕಡೆ. ವೃತ್ತವನ್ನು ಸಾಲಾಗಿ ಬಿಡಿಸುವ ಕೆಲಸ ಸಣ್ಣದಲ್ಲ. ನಮ್ಮ ತರಗತಿಯಲ್ಲಿ ಇದನ್ನು ಪ್ರಯತ್ನಿಸಿದಾಗ ನಾನು ಬಲಕ್ಕೆ ತಿರುಗಬೇಕಾದಲ್ಲಿ ಎಡಕ್ಕೆ ತಿರುಗಿ ಪಕ್ಕದವರ ಮೂಗಿಗೆ ಮೊಣಕೈ ತಾಗಿಸಿದೆ.

ಫ್ರೆಡ್ ಬೆರಿ ಕೂಡ ಕ್ಯಾಂಪ್‌ಬೆಲ್ ಅವರಂತೆ 1951ರಲ್ಲಿ ಸೇಂಟ್ ಲೂಯಿಸಿನಲ್ಲೇ ಹುಟ್ಟಿದವರು. ತಂಡದಲ್ಲಿ ಅವರ ಹೆಸರು ಮಿಸ್ಟರ್ ಪೆಂಗ್ವಿನ್. ಸ್ಥೂಲಕಾಯರು. ಆ ದೇಹವನ್ನು ಅವರು ಒಂದು ಕ್ಷಣವೂ ಮುಚ್ಚಿಡಲಿಲ್ಲ, ಕ್ಷಮೆ ಕೇಳುವಂತೆಯೂ ಕುಣಿಯಲಿಲ್ಲ. ಹೊಟ್ಟೆ ಒಂದು ತಾಳಕ್ಕೆ, ಪಾದ ಇನ್ನೊಂದು ತಾಳಕ್ಕೆ ಹೋಗುತ್ತಿದೆಯೇನೋ ಎನ್ನಿಸುವಷ್ಟರಲ್ಲಿ ಎರಡೂ ಒಟ್ಟಿಗೆ ಬಂದು ನಿಲ್ಲುತ್ತಿದ್ದವು. ಅವರ ಎದುರಿಗೆ ಸ್ಲಿಮ್ ದಿ ರೋಬೋಟ್ ಎಂದು ಹೆಸರಾದ ಬಿಲ್ ವಿಲಿಯಮ್ಸ್, ಹೆಸರಿಗೆ ತಕ್ಕಂತೆ ಯಂತ್ರಮಾನವನ ಚಲನೆಯಲ್ಲಿ ಪಳಗಿದವರು. ದಪ್ಪದವರೂ ತೆಳುವಿನವರೂ ಒಂದೇ ಸ್ಟೆಪ್ಪನ್ನು ಹಾಕಿದಾಗ ಅದು ಎರಡು ಬೇರೆ ಸ್ಟೆಪ್ಪುಗಳಂತೆ ಕಾಣುತ್ತದೆ. ಇತ್ತೀಚಿನ ಎಷ್ಟೋ ಸ್ಪರ್ಧಾ ತಂಡಗಳಲ್ಲಿ ಹತ್ತು ಜನರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದನ್ನು ಕಂಡು ಬೇಸರವಾದವರಿಗೆ ಈ ಹಳೆಯ ದೃಶ್ಯಗಳನ್ನು ಶಿಫಾರಸು ಮಾಡುತ್ತೇನೆ.

ಅಡಾಲ್ಫೋ ಕಿನ್ಯೋನೆಸ್, ಅಂದರೆ ಶಬ್ಬಾ ಡೂ, 1955ರಲ್ಲಿ ಷಿಕಾಗೋದಲ್ಲಿ ಹುಟ್ಟಿದವರು. ತಂದೆ ಪೋರ್ಟೊರಿಕೊ ಮೂಲದವರು, ತಾಯಿ ಆಫ್ರಿಕನ್ ಅಮೆರಿಕನ್. ಬೆಳೆದದ್ದು ಕ್ಯಾಬ್ರಿನಿ ಗ್ರೀನ್ ಎಂಬ ಬಡವರ ಸರ್ಕಾರಿ ವಸತಿ ಸಮುಚ್ಚಯದಲ್ಲಿ. 1970ರ ದಶಕದ ಲಾಸ್ ಏಂಜಲೀಸಿನಲ್ಲಿ, ಸಲಿಂಗಿಗಳ ಕ್ಲಬ್ಬುಗಳಲ್ಲಿ, ಕರಿಯ ಮತ್ತು ಲ್ಯಾಟಿನೋ ಯುವಕರು ತೋಳುಗಳನ್ನು ಹೆಗಲ ಮೇಲಿಂದ ಚಾಟಿಯಂತೆ ಬೀಸುವ ವ್ಯಾಕಿಂಗ್ ಶೈಲಿಯನ್ನು ರೂಪಿಸುತ್ತಿದ್ದರು. ಶಬ್ಬಾ ಡೂ ಅವರ ಕೈಗಳಲ್ಲಿ ಆ ಬೀಸು ಇದೆ. ಅವರ ಲಾಕ್‌ಗಳು ಕ್ಯಾಂಪ್‌ಬೆಲ್ ಅವರದಕ್ಕಿಂತ ಹರಿತ, ಸ್ವಲ್ಪ ಠೀವಿಯೂ ಹೆಚ್ಚು. ಕ್ಯಾಂಪ್‌ಬೆಲ್ ನಗಿಸುತ್ತಾರೆ, ಇವರು ನೋಡುಗರನ್ನು ದಿಟ್ಟಿಸುತ್ತಾರೆ.

ಈ ಕುಣಿತವನ್ನು ಮನೆಮನೆಗೆ ಮುಟ್ಟಿಸಿದ್ದು 1971ರಲ್ಲಿ ಅಮೆರಿಕದಾದ್ಯಂತ ಪ್ರಸಾರವಾಗತೊಡಗಿದ ಸೋಲ್ ಟ್ರೇನ್ ಎಂಬ ಟೆಲಿವಿಷನ್ನಿನ ಹಾಡು ಕುಣಿತದ ಕಾರ್ಯಕ್ರಮ. ಕ್ಯಾಂಪ್‌ಬೆಲ್ ಅಲ್ಲಿ ಕುಣಿದು ಹೆಸರಾದರು. ಆದರೆ ಕುಣಿಯುವ ಯುವಕ ಯುವತಿಯರಿಗೆ ಅಲ್ಲಿ ಸಂಭಾವನೆ ಇರಲಿಲ್ಲ. ಸಂಭಾವನೆ ಕೇಳಿದ ಕ್ಯಾಂಪ್‌ಬೆಲ್ ಅದರಿಂದ ಹೊರಬಿದ್ದರು. ಲಾಕರ್ಸ್ ತಂಡದ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಘಟನೆ ಇದು. ಬೀದಿಯ ಕುಣಿತ ಎಂದರೆ ಪುಕ್ಕಟೆ ಸಿಗುವಂಥದ್ದು ಎಂಬ ಎಣಿಕೆಯನ್ನು ಒಪ್ಪದವನೊಬ್ಬ, ತನ್ನ ಕುಣಿತಕ್ಕೆ ಬೆಲೆಯಿದೆ ಎಂದು ಹೇಳಿದ. ವೃತ್ತಿಪರ ರಂಗದ ಒಳಹೊರಗು ಬಲ್ಲ ಬೇಸಿಲ್ ಅವರಂಥವರು ಜೊತೆಗಿದ್ದದ್ದು ಇಲ್ಲಿ ಉಪಯೋಗಕ್ಕೆ ಬಂದಿರಲೇಬೇಕು. 1975ರಲ್ಲಿ ಸ್ಯಾಟರ್ಡೇ ನೈಟ್ ಲೈವ್ ಎಂಬ ಟೆಲಿವಿಷನ್ನಿನ ಹಾಸ್ಯ ಕಾರ್ಯಕ್ರಮ ಆರಂಭವಾದಾಗ ಅದರ ಮೊದಲ ಋತುವಿನಲ್ಲೇ ಲಾಕರ್ಸ್ ಕಾಣಿಸಿಕೊಂಡರು.

ಮುಂದೆ ಏಳು ಮಂದಿಯ ದಾರಿಗಳು ಕವಲೊಡೆದವು, ಮತ್ತು ಹಿನ್ನೆಲೆಗಳ ವ್ಯತ್ಯಾಸ ಇಲ್ಲಿ ಇನ್ನೊಂದು ರೀತಿಯಲ್ಲಿ ಎದ್ದು ಕಾಣುತ್ತದೆ. ಬೆರಿ 1976ರಲ್ಲಿ ವಾಟ್ಸ್ ಹ್ಯಾಪನಿಂಗ್ ಎಂಬ ಹಾಸ್ಯ ಧಾರಾವಾಹಿ ಸೇರಿ, ಕೆಂಪು ಟೋಪಿಯ ರೀರನ್ ಪಾತ್ರದಿಂದ ಮನೆಮಾತಾದರು. ಕುಣಿದವರೆಂಬುದಕ್ಕಿಂತ ನಗಿಸಿದವರೆಂದೇ ಅವರು ಹೆಚ್ಚು ಜನಕ್ಕೆ ನೆನಪಿದ್ದಾರೆ. ಶಬ್ಬಾ ಡೂ 1984ರ ಬ್ರೇಕಿನ್ ಚಿತ್ರದಲ್ಲಿ ನಟಿಸಿ, ಆಮೇಲೆ ಗಾಯಕಿ ಮಡೋನಾ ಅವರ 1987ರ ಪ್ರವಾಸಕ್ಕೆ ನೃತ್ಯ ಸಂಯೋಜಿಸಿದರು. ಬೇಸಿಲ್ ಹಾಡಿದ ಮಿಕಿ 1982ರ ಡಿಸೆಂಬರಿನಲ್ಲಿ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕ್ಯಾಂಪ್‌ಬೆಲ್ ಕೂಡ 1972ರಲ್ಲೇ ಕ್ಯಾಂಪ್‌ಬೆಲ್ ಲಾಕ್ ಎಂಬ ಹಾಡಿನ ಧ್ವನಿಮುದ್ರಿಕೆ ತಂದಿದ್ದರು. ಅದನ್ನು ಕೇಳಿದವರು ನನಗೆ ಲಾಕಿಂಗ್ ತರಗತಿಗಳ ಹೊರಗೆ ಸಿಕ್ಕಿಲ್ಲ. ಶೈಲಿಯನ್ನು ಹುಟ್ಟಿಸಿದವರಿಗಿಂತ ಅವರ ಜೊತೆಗಾರರೇ ಜನರಿಗೆ ಹೆಚ್ಚು ಪರಿಚಿತರಾದರು. ಇದಕ್ಕೆ ಬೇಸಿಲ್ ಅವರನ್ನು ದೂರುವುದು ಸರಿಯಲ್ಲ. ಆದರೂ, ಯಾರಿಗೆ ಯಾವ ಬಾಗಿಲು ಎಷ್ಟು ಸಲೀಸಾಗಿ ತೆರೆಯಿತು ಎಂಬ ಲೆಕ್ಕವನ್ನು ತೆಗೆಯದೆ ಈ ತಂಡದ ವೈವಿಧ್ಯವನ್ನು ಬರಿದೇ ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಬೀಗದ ಕೈ ಒಬ್ಬರ ಬಳಿಯೇ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತು ಲಾಕರ್ಸ್ ತಂಡವನ್ನು ನೋಡಿದ ಬೂಗಲೂ ಸ್ಯಾಮ್, ಸ್ನಾಯುಗಳನ್ನು ಬಿಗಿದು ಸಡಿಲಿಸುವ ಪಾಪಿಂಗ್ ಶೈಲಿಯತ್ತ ಹೊರಳಿ, 1977ರಲ್ಲಿ ತಮ್ಮದೇ ತಂಡ ಕಟ್ಟಿದರು. ಇಲೆಕ್ಟ್ರಿಕ್ ಬೂಗಲೂಸ್ ಎಂದು ಪ್ರಸಿದ್ಧವಾದ ಆ ತಂಡದ ಮೊದಲ ಹೆಸರಿನಲ್ಲಿ ಲಾಕರ್ಸ್ ಎಂಬ ಪದವೂ ಸೇರಿತ್ತು. ಲಾಕರ್ಸ್ ತಂಡಕ್ಕೆ ಆಮೇಲೆ ಬಂದು ಸೇರಿದ ಟೋನಿ ಗೋಗೋ ಮುಂದೆ ಜಪಾನಿಗೆ ಹೋಗಿ ಅಲ್ಲಿ ಲಾಕಿಂಗ್ ಕಲಿಸಿದರು. ಇವತ್ತು ಜಗತ್ತಿನ ಅತ್ಯುತ್ತಮ ಲಾಕರ್‌ಗಳನ್ನು ಹೆಸರಿಸಲು ಕೂತರೆ ಜಪಾನಿನವರನ್ನು ಬಿಟ್ಟು ಪಟ್ಟಿ ಮಾಡಲಾಗದು.

ಕ್ಯಾಂಪ್‌ಬೆಲ್ 2020ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಶಬ್ಬಾ ಡೂ. ಬೆರಿ 2003ರಲ್ಲೇ ಹೋಗಿದ್ದರು.

ಏಳು ಮಂದಿಯಲ್ಲಿ ಲಿಯೋ ವಿಲಿಯಮ್‌ಸನ್ ಮತ್ತು ಗ್ರೆಗ್ ಪೋಪ್ ಬಗ್ಗೆ ಬರೆದವರು ಕಡಿಮೆ. ಪೋಪ್ ಅವರನ್ನು ಕ್ಯಾಂಪ್‌ಬೆಲ್‌ಲಾಕ್ ಜೂನಿಯರ್ ಎಂದೇ ಕರೆಯುತ್ತಿದ್ದರು. ಫ್ಲೂಕಿ ಲ್ಯೂಕ್ ಎಂಬ ಅಡ್ಡಹೆಸರಿನ ಲಿಯೋ ಅವರ ಹೆಸರು ಮಾತ್ರ ಒಂದು ಸ್ಟೆಪ್ಪಿನಲ್ಲಿ ಉಳಿದುಕೊಂಡಿದೆ: ಲಿಯೋ ವಾಕ್. ತೋಳುಗಳನ್ನು ಬೀಸುತ್ತ, ಇಲ್ಲದ ಅವಸರವನ್ನು ನಟಿಸುತ್ತ, ಮೊಣಕಾಲು ಸಡಿಲ ಬಿಟ್ಟು ಮುಂದಕ್ಕೆ ಹೆಜ್ಜೆಯಿಡುವ ನಡಿಗೆ ಅದು. ಕಳೆದ ವಾರ ಅದನ್ನು ಎಂಟು ಬೀಟುಗಳವರೆಗೆ ತಪ್ಪದೆ ಹಾಕಿದೆ. ಒಂಬತ್ತನೆಯದಕ್ಕೆ ನಿಲ್ಲಬೇಕಿತ್ತು, ಕಾಲು ನಿಂತಿತು, ಎಡಗೈ ಮಾತ್ರ ಎಂದಿನಂತೆ ಇನ್ನೊಂದು ಗೇಣು ಮುಂದೆ ಹೋಯಿತು. ಕಲಿಸುವ ಹುಡುಗಿ ನಕ್ಕಳು. ನಾನು ಆ ಕೈಯಿಂದಲೇ ಅವಳ ಕಡೆಗೆ ಬೆರಳು ತೋರಿಸಿದೆ.