'ಓಕೆ' ಕಾರ್ಡುಗಳು: ಐದನೇ ವಾರ

'ಓಕೆ' ಎಂಬ ಒಂದೇ ಪದ ಹಿಡಿದು, ಅದರ ಹುಟ್ಟು, ಅರ್ಥ, ಬಳಕೆಗಳನ್ನು ಕಾರ್ಡುಗಳಲ್ಲಿ ಬರೆದಿಡುತ್ತಾ ಕೂತು ಐದನೇ ವಾರ. ಕಾರ್ಡುಗಳು 64 ಆದವು.

ಹುಟ್ಟಿನ ಕಾರ್ಡು ಮುಗಿಯಿತು. 1830ರ ದಶಕದ ಕೊನೆಗೆ ಬಾಸ್ಟನ್ ಪತ್ರಿಕೆಗಳಲ್ಲಿ ಒಂದು ಹುಚ್ಚು ಹಬ್ಬಿತ್ತು. ಬೇಕಂತಲೇ ಕಾಗುಣಿತ ಕೆಡಿಸಿ, ಮೊದಲ ಅಕ್ಷರಗಳನ್ನಷ್ಟೇ ಬರೆಯುವುದು. 'ಆಲ್ ಕರೆಕ್ಟ್' (all correct) ಅನ್ನು 'oll korrect' ಎಂದು ಕೆಡಿಸಿದಾಗ ಅದು ಹೀಗೆ 'ಓ.ಕೆ.' ಆಯಿತು. 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ ಅದು ಅಚ್ಚಾಗಿದೆ. 'ಆಲ್ ರೈಟ್' ಅನ್ನು 'oll wright' ಎಂದು ಕೆಡಿಸಿ ಬರೆದ 'ಓ.ಡಬ್ಲ್ಯೂ.' ಮಾತ್ರ ಸತ್ತೇ ಹೋಯಿತು. ಓಕೆಯನ್ನು ಎತ್ತಿ ಹಿಡಿದದ್ದು ಅಮೆರಿಕದ 1840ರ ಅಧ್ಯಕ್ಷ ಚುನಾವಣೆ. ಮತ್ತೆ ಸ್ಪರ್ಧಿಸಿದ್ದ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ಕಿಂಡರ್‌ಹುಕ್ ಊರಿನವರು. ಬೆಂಬಲಿಗರು ಅವರನ್ನು 'ಓಲ್ಡ್ ಕಿಂಡರ್‌ಹುಕ್' ಅಂದರು, 'ಓ.ಕೆ.' ಘೋಷಣೆಯಾಯಿತು. ಈ ಜಾಡನ್ನು 1960ರ ದಶಕದಲ್ಲಿ ಹಳೇ ಪತ್ರಿಕೆ ಜಾಲಾಡಿ ತೋರಿಸಿದವರು ಅಮೆರಿಕದ ಭಾಷಾ ವಿದ್ವಾಂಸ ಆಲನ್ ವಾಕರ್ ರೀಡ್. ಅಂಥ ತಾಳ್ಮೆ ನೋಡಿದರೆ ಕೈ ಮುಗಿಯೋಣ ಅನಿಸುತ್ತದೆ.

ಬೇರೆ ಭಾಷೆಗಳ ಕಾರ್ಡು ಬೇಗ ಆದವು. ಸ್ವೀಡಿಷ್, ಪೋಲಿಷ್ ಎರಡೂ ಕೊನೆಗೆ 'ಜೆ' ಹಾಕುತ್ತವೆ; ಅಲ್ಲಿ ಅದರ ಉಚ್ಚಾರ 'ಯ್'. ಫಿನ್ನಿಷ್‌ನಲ್ಲಿ 'ಐ' ಅಕ್ಷರ. ಒಬ್ಬೊಬ್ಬರೂ ಅದಕ್ಕೆ ತಮ್ಮ ಕಾಗುಣಿತದ ಅಂಗಿ ತೊಡಿಸಿಕೊಂಡಿದ್ದಾರೆ.

ನಾನು ಸಿಕ್ಕಿಬಿದ್ದದ್ದು ಕನ್ನಡದಲ್ಲಿ. ಮೊದಲು 'ಓಕೆ ಎಂದರೆ ಸರಿ' ಅಂತ ಒಂದೇ ಕಾರ್ಡು ಬರೆದಿದ್ದೆ. ಅದನ್ನು ಹರಿದು ಹಾಕಿದೆ. 'ಲೆಕ್ಕ ಸರಿ ಇದೆ' ಅಂದರೆ ತಪ್ಪಿಲ್ಲ. 'ಹಾಡು ಓಕೆ' ಅಂದರೆ ಪರವಾಗಿಲ್ಲ, ಅಷ್ಟೇ. 'ಅವನು ಸರಿ ಇಲ್ಲ' ಅಂದರೆ ಅವನ ನಡತೆಯ ಮಾತು. 'ಅವನು ಓಕೆ ಇಲ್ಲ' ಅಂದರೆ ಏನೋ ನೋವಿನಲ್ಲಿದ್ದಾನೆ. ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೆ ಜಗಳವೇ ಆದೀತು, ಅಲ್ವಾ? ಹುಟ್ಟಿದಾಗ ಓಕೆಯ ಅರ್ಥವೂ 'ಎಲ್ಲ ಸರಿ' ಅಂತಲೇ ಇತ್ತು. ಇಲ್ಲಿ ಸರಿ ಆಗಲೇ ಗಟ್ಟಿಯಾಗಿ ಕೂತಿತ್ತು, ಹಾಗಾಗಿ ಓಕೆ ಪಕ್ಕದ ಜಾಗ ಹುಡುಕಿಕೊಂಡಿದೆ ಎಂದು ನನ್ನ ಅಂದಾಜು.

ಕನ್ನಡದ ಬಾಲವೂ ಬೆಳೆದಿದೆ: ಓಕೆನಾ, ಓಕೆ ಮಾಡು, ಓಕೆ ಆಯ್ತು.

ನನಗೆ ಜಾಸ್ತಿ ಇಷ್ಟವಾದದ್ದು 41ನೇ ಕಾರ್ಡು. ಅಮ್ಮ ಫೋನಿನಲ್ಲಿ ಆಡಿದ ಮಾತು, ಕೇಳಿದಂತೆಯೇ ಬರೆದುಕೊಂಡೆ: 'ಹೂಂ, ಓಕೆ... ಓಕೆ ಓಕೆ. ಸರಿ, ಇಡ್ಲಾ?' ಮೊದಲನೆಯದು ಎಳೆದು ಅಂದದ್ದು: ಕೇಳಿಸ್ಕೋತಿದ್ದೀನಿ. ಜೋಡಿಯಾಗಿ ಬಂದದ್ದು: ಗೊತ್ತಾಯ್ತು, ಸಾಕು. ಒಪ್ಪಿಗೆ ಎರಡರಲ್ಲೂ ಇಲ್ಲ. ಮಾತು ಮುಗಿಸಲು ಮಾತ್ರ ಅಮ್ಮನಿಗೆ 'ಸರಿ'ಯೇ ಬೇಕಾಯಿತು.

ಮುಂದಿನ ವಾರ ಎಳೆದ ಓಕೆಗಳನ್ನೆಲ್ಲ ಬೇರೆ ಡಬ್ಬಿಗೆ ಹಾಕಬೇಕು.