ಮುದ್ದೆ ತಿರುವೋರು ಯಾರು?

ಲೂಪಸ್ ಬಂದವರಿಗೆ ಜಾಸ್ತಿ ಕೇಳಸಿಗುವ ಮಾತು ಒಂದೇ, "ನೋಡೋಕೆ ಚೆನ್ನಾಗೇ ಇದೀಯಲ್ಲಮ್ಮಾ!" ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲು, ಚರ್ಮ, ಕಿಡ್ನಿ ಮೇಲೆ ತಿರುಗಿಬೀಳುವ ಕಾಯಿಲೆ ಇದು, ಹೊರಗೆ ಎಲ್ಲವೂ ಕಾಣುತ್ತಾ? ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಹೆಚ್ಚಿನವರಿಗೆ 15ರಿಂದ 45ರೊಳಗೆ ಶುರುವಾಗುತ್ತದೆ, ಅಂದರೆ ಮನೆಯ ಅಷ್ಟೂ ಕೆಲಸ ತಲೆ ಮೇಲಿರುವ ವಯಸ್ಸಲ್ಲೇ.

ನಮ್ಮ ತುಮಕೂರು ಕಡೆ ಮುದ್ದೆ ಇಲ್ಲದೆ ಊಟ ಆಗುತ್ತಾ? ಬೆರಳು ಸೆಟೆದುಕೊಂಡು ಮಣಿಕಟ್ಟು ಊದಿರುವಾಗ, ಕುದಿಯುವ ಹಿಟ್ಟಿಗೆ ಕೋಲು ಹಾಕಿ ಗಂಟಾಗದ ಹಾಗೆ ತಿರುವುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಒಂದು ದಿನ ಅತ್ತೆ ಏನೂ ಕೇಳಲಿಲ್ಲ, ನನ್ನ ಕೈಯಿಂದ ಕೋಲು ಕಿತ್ತುಕೊಂಡು ತಮ್ಮ ಮಗನಿಗೆ, ಅಂದರೆ ನನ್ನ ಗಂಡನಿಗೆ ಕೊಟ್ಟರು. "ತಿನ್ನೋನು ನೀನೇ ತಾನೆ? ತಿರುವು." ಸ್ವಲ್ಪ ದಿನ ಎಲ್ಲರೂ ಗಂಟು ಮುದ್ದೆ ನುಂಗಿದೆವು. ಈಗ ನನಗಿಂತ ನುಣ್ಣಗೆ ಮಾಡುತ್ತಾರೆ (ಅವರ ಮುಂದೆ ಹೇಳಿಲ್ಲ, ಆಮೇಲೆ ಹಿಡಿಯೋಕಾಗಲ್ಲ).

"ಏನಾದ್ರೂ ಬೇಕಿದ್ರೆ ಕೇಳು" ಅನ್ನುವವರಿಗೆ ಬರವಿಲ್ಲ. ಸುಸ್ತಾದವರಿಗೆ ಕೇಳೋಕೂ ತ್ರಾಣ ಬೇಕು, ಅಲ್ವಾ? ಯಾವುದೋ ಒಂದು ಕೆಲಸ ಹಿಡಿದು ಅದನ್ನು ತಮ್ಮದೇ ಮಾಡಿಕೊಂಡು ಬಿಡುವವರಿಂದ ನಮ್ಮ ದಿನ ಸಾಗುತ್ತದೆ. 2020ರಲ್ಲಿ ಕೋವಿಡ್‌ಗೆ ಮದ್ದು ಅಂತ ಸುದ್ದಿ ಹಬ್ಬಿ, ಲೂಪಸ್‌ಗೆ ನಾವು ನುಂಗುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಸಿಗದ ಹಾಗಾದಾಗ, ಅಣ್ಣ ಮೆಡಿಕಲ್ ಸ್ಟೋರಿಂದ ಮೆಡಿಕಲ್ ಸ್ಟೋರಿಗೆ ಅಲೆದು ತಂದುಕೊಟ್ಟ. ಆ ಜವಾಬ್ದಾರಿ ಇವತ್ತಿಗೂ ಅವನದೇ.

ಇನ್ನೊಂದು ಜೊತೆ ಕಣ್ಣೂ ಬೇಕು. "ಕಾಲುಂಗುರ ಯಾಕೆ ಹಿಂಗೆ ಕಚ್ಕೊಂಡಿದೆ?" ಅಂತ ಮೊದಲು ಕೇಳಿದ್ದೂ ಅತ್ತೆಯೇ. ಮೂತ್ರ ಪರೀಕ್ಷೆ ಮಾಡಿಸಿದರೆ ಪ್ರೋಟೀನ್ ಹೋಗುತ್ತಿತ್ತು. ಲೂಪಸ್ ಕಿಡ್ನಿಗೆ ತಗುಲಿದಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಕಾಲು ಊದುವುದು, ಮೂತ್ರದಲ್ಲಿ ನೊರೆ, ಬಿಪಿ ಏರುವುದು, ಇಂಥವೇ ಸುಳಿವು. ಕೆಲವರಿಗೆ ಅದೂ ಇಲ್ಲ, ಅದಕ್ಕೇ ಆಗಾಗ ಪರೀಕ್ಷೆ ಮಾಡಿಸಲೇಬೇಕು.

ಮದುವೆ ಮನೆಗಳಲ್ಲಿ ಸಿಗುವ ಕಾಳಜಿ ಮಾತ್ರ ಬೇಡಪ್ಪಾ ಬೇಡ. ಲೂಪಸ್ ಹತೋಟಿಗೆ ಕೊಡುವ ಸ್ಟಿರಾಯ್ಡ್ ಮಾತ್ರೆಯಿಂದ ಮುಖ ಊದಿದ್ದಕ್ಕೆ "ಮೈ ಕೈ ತುಂಬ್ಕೊಂಡಿದೀಯ" ಅಂತಾರೆ, ಮರುಕ್ಷಣವೇ "ಆ ಇಂಗ್ಲಿಷ್ ಮಾತ್ರೆ ಬಿಟ್ಬಿಡು, ನಮ್ಮೂರಲ್ಲಿ ಒಬ್ರು ಬೇರು ಕೊಡ್ತಾರೆ" ಅಂತಾರೆ. ತುಂಬಾ ದಿನ ತೆಗೆದುಕೊಂಡ ಸ್ಟಿರಾಯ್ಡ್ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಈಗೀಗ ಇದಕ್ಕೆಲ್ಲ ನಮ್ಮ ವಾರಗಿತ್ತಿಯೇ ಉತ್ತರ ಕೊಡುತ್ತಾಳೆ, ನಾನು ಸುಮ್ನೆ ಊಟ ಮಾಡುತ್ತೇನೆ.

ಬಿಸಿಲು ಬಿದ್ದರೂ ಲೂಪಸ್ ಕೆರಳುತ್ತದೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಮೊದಲೆಲ್ಲ ಬೆಳಿಗ್ಗೆಯೇ ಹೊರಡುತ್ತಿದ್ದೆವು. ಈಗ ಇಡೀ ಮನೆ ಸಂಜೆ ಹೋಗುತ್ತದೆ. ಮಕ್ಕಳು ಯಾಕೆ ಅಂತ ಗಲಾಟೆ ಮಾಡಿದರೆ ವಾರಗಿತ್ತಿ ನನ್ನ ಹೆಸರೇ ಎತ್ತುವುದಿಲ್ಲ. "ನಂಗೆ ಬಿಸ್ಲು ಆಗಲ್ಲ ಕಣ್ರೋ" ಅಂದು ಬಾಯಿ ಮುಚ್ಚಿಸುತ್ತಾಳೆ.